ಮಳೆಗಾಲದಲ್ಲಿ ಮಾತ್ರ ಸಾಯುತ್ತಿದ್ದ ಬ್ಯಾಟರಿ

(ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಮತ್ತು ಕೃಷಿಕರ ಎದುರು ಆಡಿದ ಮಾತುಗಳ ಬರಹ ರೂಪ)

ಈ ಡಬ್ಬಿಯನ್ನು ಮೊದಲು ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಒಮ್ಮೆ ನೋಡಿಬಿಡಿ. ಇದರ ಜೋಡಿ ಡಬ್ಬಿ ಈಗ ನಮ್ಮ ತೋಟದ ಮೇಲಿನ ಸುರಂಗದ ಬಾಯಿಯಲ್ಲಿದೆ. ಒಳಗೆ ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಎಎ ಸೆಲ್ಲು, ಒಂದು ಅಟ್‌ಮೆಗಾ 328ಪಿ ಚಿಪ್ (ಯಂತ್ರದ ಮಿದುಳಾಗಿರುವ ಪುಟ್ಟ ಕಂಪ್ಯೂಟರ್), ಒಂದು ಲೋರಾ ರೇಡಿಯೊ (ಕಡಿಮೆ ಶಕ್ತಿಯಲ್ಲಿ ಪುಟ್ಟ ಸಂದೇಶಗಳನ್ನು ದೂರ ಕಳುಹಿಸುವಂಥದ್ದು). ಹೊರಗೆ ಎರಡು ತಂತಿಗಳ ತುದಿಯಲ್ಲಿ ನೇತಾಡುವುದು ಫ್ಲೋಟ್ ಸ್ವಿಚ್, ಅಂದರೆ ನೀರಿನ ಮಟ್ಟಕ್ಕೆ ತಕ್ಕಂತೆ ತೆರೆದು ಮುಚ್ಚುವ ತೇಲು ಸ್ವಿಚ್. ಕಾಲು ಗಂಟೆಗೊಮ್ಮೆ ಇದು ಎದ್ದು, ಸುರಂಗದ ನೀರು ಸೇರುವ ಟ್ಯಾಂಕಿ ತುಂಬಿದೆಯೇ ಎಂದು ನೋಡಿ, ನಾನೂರು ಮೀಟರ್ ಕೆಳಗಿನ ಮನೆಗೆ ಒಂದು ಸಂದೇಶ ಕಳುಹಿಸಿ ಮತ್ತೆ ಮಲಗುತ್ತದೆ. ಇಷ್ಟೇ ಇದರ ಕೆಲಸ.

ಇಲ್ಲಿ ಕುಳಿತಿರುವವರಿಗೆ ಸುರಂಗವೆಂದರೆ ಏನೆಂದು ಹೇಳಬೇಕಾಗಿಲ್ಲ. ಬರಹವನ್ನು ಓದುವ ಹೊರಗಿನವರಿಗಾಗಿ ಒಂದು ಮಾತು: ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ತಾನಾಗಿಯೇ ಹೊರಗೆ ಹರಿಯಗೊಡುವುದು ನಮ್ಮ ಕಡೆಯ ಪದ್ಧತಿ. ಪಂಪು ಬೇಡ, ಕರೆಂಟು ಬೇಡ. ಕಾಸರಗೋಡು ಜಿಲ್ಲೆಯಲ್ಲಿ ಇಂಥ ಸುರಂಗಗಳು ಸಾವಿರಾರು ಇವೆ. ಬಾಯಾರು, ಪಡ್ರೆ ಕಡೆಗೆ ಹೋದರೆ ಕೆಲವು ಮನೆಗಳಿಗೆ ಎರಡು ಮೂರು ಸುರಂಗಗಳಿರುತ್ತವೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಫೆಬ್ರವರಿ ಕಳೆಯುವಾಗ ನೀರಿನ ಎಳೆ ಸಣ್ಣದಾಗುತ್ತದೆ. ಎಷ್ಟು ಸಣ್ಣದಾಯಿತು ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಸಂಜೆ ತೋಟಕ್ಕೆ ಬಿಡುವ ನೀರನ್ನು ನಿಲ್ಲಿಸಿದ ಮೇಲೆ ಟ್ಯಾಂಕಿ ತುಂಬಲು ಎಷ್ಟು ಗಂಟೆ ಬೇಕಾಯಿತು ಎಂದು ನೋಡಿದರೆ ಆಯಿತು. ಜನವರಿಯಲ್ಲಿ ನಡುರಾತ್ರಿಗೆ ತುಂಬುತ್ತಿದ್ದದ್ದು ಮಾರ್ಚ್‌ನಲ್ಲಿ ಬೆಳಗಿನ ಜಾವಕ್ಕೆ ಹೋದರೆ, ಅಡಿಕೆ ಮರಗಳಿಗೆ ನೀರು ಬಿಡುವ ಸರದಿಯನ್ನು ಬದಲಿಸಬೇಕು. ಹಿಂದೆ ಅಪ್ಪ ಟಾರ್ಚು ಹಿಡಿದು ರಾತ್ರಿ ಎರಡು ಸಲ ಹೋಗಿ ನೋಡಿ ಬರುತ್ತಿದ್ದರು. ಮೊಣಕಾಲು ನೋವು ಬಂದ ಮೇಲೆ ಅದು ನಿಂತಿತು. ಈ ಡಬ್ಬಿ ಹುಟ್ಟಿದ್ದು ಆಗ.

ಸೌರ ಫಲಕ ಹಾಕಬಹುದಿತ್ತಲ್ಲ ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ಅಡಿಕೆ ತೋಟದ ನಡುವೆ ನಿಂತು ಮೇಲೆ ನೋಡಿ. ಸೋಗೆಗಳ ಸಂದಿಯಲ್ಲಿ ಬೀಳುವ ಬಿಸಿಲಿನ ಚುಕ್ಕಿ ಅರ್ಧ ಗಂಟೆ ಒಂದು ಕಡೆ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಚುಕ್ಕಿಯೂ ಇಲ್ಲ. ಮನೆಯಿಂದ ತಂತಿ ಎಳೆಯಬಹುದಿತ್ತು. ಆದರೆ ನಾನೂರು ಮೀಟರ್ ತಂತಿ ಎಂದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನಾವೇ ಹಾಕಿಕೊಟ್ಟ ದಾರಿ. ಹಾಗಾಗಿ ಉಳಿದದ್ದು ಬ್ಯಾಟರಿ ಒಂದೇ. ಬ್ಯಾಟರಿಯೊಂದೇ ಆಧಾರ ಎಂದಾದಾಗ ಮಲಗಿರುವ ಯಂತ್ರ ಎಷ್ಟು ಕುಡಿಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಇದಕ್ಕೆ ಒಂದು ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಿ. ವರ್ಷಕ್ಕೆ 8760 ಗಂಟೆ. ಒಂದು ಮೈಕ್ರೋ ಆಂಪಿಯರ್, ಅಂದರೆ ಆಂಪಿಯರ್‌ನ ಹತ್ತು ಲಕ್ಷದ ಒಂದು ಪಾಲು, ಬಿಡದೆ ವರ್ಷವಿಡೀ ಹರಿದರೆ 8.76 ಮಿಲಿ ಆಂಪಿಯರ್ ಗಂಟೆ ಖರ್ಚಾಗುತ್ತದೆ. ಸೆಲ್ಲಿನ ಒಳಗಿನ ಸಂಗ್ರಹವನ್ನು ಅಳೆಯುವುದೂ ಈ ಮಿಲಿ ಆಂಪಿಯರ್ ಗಂಟೆಯಲ್ಲೇ. ಒಂದು ಒಳ್ಳೆಯ ಎಎ ಅಲ್ಕಲೈನ್ ಸೆಲ್ಲಿನಲ್ಲಿ ಸುಮಾರು 2000 ಮಿಲಿ ಆಂಪಿಯರ್ ಗಂಟೆ ಇದೆ ಎಂದಿಟ್ಟುಕೊಳ್ಳೋಣ. ಐದು ಮೈಕ್ರೋ ಆಂಪಿಯರ್ ಕುಡಿಯುವ ಯಂತ್ರಕ್ಕೆ ವರ್ಷಕ್ಕೆ ನಲವತ್ತನಾಲ್ಕು ಸಾಕು. ಒಂದು ಮಿಲಿ ಆಂಪಿಯರ್ ಕುಡಿಯುವ ಯಂತ್ರಕ್ಕೆ 8760 ಬೇಕು; ಮೂರು ತಿಂಗಳು ತುಂಬುವ ಮೊದಲೇ ಸೆಲ್ಲು ಮುಗಿಯುತ್ತದೆ. ಇದೇ 8.76 ಎಂಬ ಸಂಖ್ಯೆ ನಿಮ್ಮ ಮನೆಯಲ್ಲಿಯೂ ಕೆಲಸಕ್ಕೆ ಬರುತ್ತದೆ. ಆರಿಸಿದರೂ ಒಂದು ವಾಟ್ ಎಳೆಯುವ ಟಿವಿ ಡಬ್ಬಿ ವರ್ಷಕ್ಕೆ 8.76 ಯೂನಿಟ್ ತಿನ್ನುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಒಂದು ವಾಟ್ ಎಂಬ ಗುರಿಯನ್ನು ಮುಂದಿಟ್ಟದ್ದು ಇಂಥ ಮಲಗಿದ ಉಪಕರಣಗಳ ಬಗ್ಗೆಯೇ. ಮನೆಯಲ್ಲಿ ಅದು ಬಿಲ್ಲಿನ ಮಾತು. ತೋಟದಲ್ಲಿ ಯಂತ್ರ ಬದುಕುತ್ತದೆಯೋ ಇಲ್ಲವೋ ಎಂಬ ಮಾತು.

ಎಚ್ಚರವಾಗಿರುವಾಗಿನ ಖರ್ಚನ್ನೂ ನೋಡೋಣ. ರೇಡಿಯೊ ಎಸ್‌ಎಕ್ಸ್ 1276 ಜಾತಿಯದು. ಹದಿಮೂರು ಡಿಬಿಎಂ, ಅಂದರೆ ಸುಮಾರು 20 ಮಿಲಿ ವಾಟ್ ಬಲದಲ್ಲಿ ಕಳುಹಿಸುವಾಗ 29 ಮಿಲಿ ಆಂಪಿಯರ್ ಎಳೆಯುತ್ತದೆ. ಕೇಳಿದರೆ ಭಯವಾಗುವಷ್ಟು ದೊಡ್ಡ ಸಂಖ್ಯೆ. ಆದರೆ ಅತಿ ವೇಗದ ವ್ಯವಸ್ಥೆಯಲ್ಲಿ ಇಪ್ಪತ್ತು ಅಕ್ಷರಗಳ ಸಂದೇಶಕ್ಕೆ ಅರವತ್ತು ಮಿಲಿ ಸೆಕೆಂಡ್ ಆಸುಪಾಸು ಸಾಕು. ಅದನ್ನು ಕಾಲು ಗಂಟೆಯ 900 ಸೆಕೆಂಡುಗಳ ಮೇಲೆ ಹರಡಿದರೆ ಸರಾಸರಿ ಬರೀ ಎರಡು ಮೈಕ್ರೋ ಆಂಪಿಯರ್ ಆಸುಪಾಸು. ಅದೇ ಸಂದೇಶವನ್ನು ಅತಿ ನಿಧಾನದ, ಅತಿ ದೂರ ಹೋಗುವ ವ್ಯವಸ್ಥೆಯಲ್ಲಿ ಕಳುಹಿಸಿದರೆ ಗಾಳಿಯಲ್ಲಿ ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಇರುತ್ತದೆ. ಆಗ ಸರಾಸರಿ ನಲವತ್ತು ದಾಟುತ್ತದೆ, ಮಲಗುವ ಖರ್ಚನ್ನು ಎಷ್ಟು ಕೆತ್ತಿದರೂ ಪ್ರಯೋಜನವಿಲ್ಲ. ನಾನೂರು ಮೀಟರ್‌ಗೆ ಅತಿ ವೇಗದ್ದೇ ಸಾಕಾಯಿತು. ಆಂಟೆನಾವನ್ನು ಸುರಂಗದ ಒಳಗಿಡದೆ ಬಾಯಿಯ ಮೇಲಿನ ಹಲಸಿನ ಮರಕ್ಕೆ ಕಟ್ಟಿದ್ದರಿಂದ ಆ ಉಳಿತಾಯ ಸಾಧ್ಯವಾಯಿತು. ಕೋಡ್ ಬರೆಯುವ ಮೊದಲು ಆಂಟೆನಾ ಕಟ್ಟುವ ಜಾಗ ಹುಡುಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಮೊದಲನೆಯ ಡಬ್ಬಿಯ ಕಥೆ. ಅದಕ್ಕೆ ಅಂಗಡಿಯಲ್ಲಿ ಸಿಗುವ ಸಿದ್ಧ ಬೋರ್ಡನ್ನೇ ಹಾಕಿದ್ದೆ, ಜೊತೆಗೆ ಲ್ಯಾಪ್‌ಟಾಪಿನಲ್ಲಿರುವಂಥ ದಪ್ಪ ಲಿಥಿಯಂ ಸೆಲ್ಲು, 2600 ಮಿಲಿ ಆಂಪಿಯರ್ ಗಂಟೆಯದು. ಚಿಪ್ಪಿನ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ವಿವರ ಪತ್ರದಲ್ಲಿ, ಪವರ್ ಡೌನ್ ಎಂಬ ಗಾಢ ನಿದ್ದೆಯ ಸ್ಥಿತಿಯಲ್ಲಿ 0.1 ಮೈಕ್ರೋ ಆಂಪಿಯರ್ ಎಂದು ಬರೆದಿತ್ತು. ಹತ್ತು ವರ್ಷ ಬಾಳುತ್ತದೆ ಎಂದು ಮನೆಯಲ್ಲಿ ಹೇಳಿದ್ದೆ. ಎರಡು ವಾರಕ್ಕೆ ನಿಂತಿತು. ಡೇಟಾಶೀಟು ಸುಳ್ಳು ಹೇಳಿರಲಿಲ್ಲ. ಚಿಪ್ಪು ನಿಜವಾಗಿಯೂ ಮಲಗಿತ್ತು. ಅದರ ಸುತ್ತ ಇದ್ದವರು ಯಾರೂ ಮಲಗಿರಲಿಲ್ಲ. ಬೋರ್ಡಿನಲ್ಲಿದ್ದ ಎಎಂಎಸ್ 1117 ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಬಿಡಿಭಾಗ, ಯಾರಿಗೂ ಏನೂ ಕೊಡದಿದ್ದಾಗಲೂ ತನ್ನ ಪಾಲಿಗೆ ಐದು ಮಿಲಿ ಆಂಪಿಯರ್ ಇಟ್ಟುಕೊಳ್ಳುತ್ತದೆ. ದಿನಕ್ಕೆ 120 ಮಿಲಿ ಆಂಪಿಯರ್ ಗಂಟೆ ಅದಕ್ಕೊಂದಕ್ಕೇ ಹೋಯಿತು. ಅದರ ಮೇಲೆ ಯುಎಸ್‌ಬಿ ಚಿಪ್ಪು, ಅದರ ಮೇಲೆ ಒಂದು ಎಲ್‌ಇಡಿ.

ಆ ಎಲ್‌ಇಡಿಯನ್ನು ನಾನು ಬಹಳ ದಿನ ತೆಗೆದಿರಲಿಲ್ಲ. ಕೆಂಪು ದೀಪ ಕಂಡರೆ ಯಂತ್ರ ಬದುಕಿದೆ ಎಂಬ ಸಮಾಧಾನ ನಮಗೆಲ್ಲ ಇದೆ. ಒಂದು ಸಂಜೆ ಅಮ್ಮ ಕೇಳಿದರು: "ಅಲ್ಲ ಮಗ, ರಾತ್ರಿ ಹೊತ್ತು ಸುರಂಗದ ಹತ್ತಿರ ಯಾರೂ ಹೋಗುವುದಿಲ್ಲ. ಆ ದೀಪ ಯಾರಿಗೆ?" ಮರುದಿನ ಬೆಳಿಗ್ಗೆ ಬೆಸುಗೆ ಕಡ್ಡಿ ಬಿಸಿ ಮಾಡಿ ಅದನ್ನು ಕಿತ್ತೆ. ಒಂದೂವರೆ ಮಿಲಿ ಆಂಪಿಯರ್ ಉಳಿಯಿತು. ಈಗ ಯಾವ ಹೊಸ ಬೋರ್ಡ್ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಆ ದೀಪವನ್ನೇ. ಇಎಸ್‌ಪಿ 32 ಎಂಬ ವೈಫೈ ಚಿಪ್ ಬಳಸುವ ವಿದ್ಯಾರ್ಥಿಗಳಿಗೂ ಇದೇ ಮಾತು. ಆ ಚಿಪ್ಪಿನ ಡೀಪ್ ಸ್ಲೀಪ್ ಹತ್ತು ಮೈಕ್ರೋ ಆಂಪಿಯರ್ ಎಂಬುದು ನಿಜ. ಅದು ಕುಳಿತಿರುವ ಅಗ್ಗದ ಬೋರ್ಡಿಗೆ ಆ ಸಂಖ್ಯೆ ಅನ್ವಯಿಸುವುದಿಲ್ಲ.

ರೆಗ್ಯುಲೇಟರ್ ಬೇಕೇ ಬೇಕು ಎಂದಾದರೆ ಎಂಸಿಪಿ 1700ರಂಥದ್ದು ಹಾಕಿ, ಅದು ತನಗೆಂದು ಇಟ್ಟುಕೊಳ್ಳುವುದು 1.6 ಮೈಕ್ರೋ ಆಂಪಿಯರ್. ನಾನು ಎರಡನೆಯ ಡಬ್ಬಿಯಲ್ಲಿ ಅದನ್ನೂ ಬಿಟ್ಟೆ. ಎರಡು ಎಎ ಸೆಲ್ಲು ಸೇರಿದರೆ ಮೂರು ವೋಲ್ಟ್. ಚಿಪ್ಪಿಗೂ ರೇಡಿಯೊಗೂ 1.8 ವೋಲ್ಟ್ ತನಕ ಸಾಕು. ನಡುವೆ ದಲ್ಲಾಳಿ ಏಕೆ?

ಚಿಪ್ಪಿನ ಒಳಗೂ ಕೆಲವು ನಲ್ಲಿಗಳನ್ನು ತಿರುಗಿಸಿ ಮುಚ್ಚಬೇಕು. ಅನಲಾಗ್ ಸಂಕೇತ ಅಳೆಯುವ ಎಡಿಸಿ ಭಾಗವನ್ನು ಆರಿಸದೆ ಮಲಗಿಸಿದರೆ ಇನ್ನೂರಕ್ಕೂ ಹೆಚ್ಚು ಮೈಕ್ರೋ ಆಂಪಿಯರ್ ಹೋಗುತ್ತಲೇ ಇರುತ್ತದೆ. ಇಲ್ಲಿ ಕ್ರಮ ಮುಖ್ಯ: ಮೊದಲು ಎಡಿಸಿಯನ್ನು ಆರಿಸಿ, ಆಮೇಲೆ ಅದರ ಗಡಿಯಾರವನ್ನು ನಿಲ್ಲಿಸಿ. ಹಿಂದುಮುಂದಾದರೆ ಅದು ಉರಿಯುತ್ತಿರುವ ಸ್ಥಿತಿಯಲ್ಲೇ ಹೆಪ್ಪುಗಟ್ಟುತ್ತದೆ, ಪ್ರೋಗ್ರಾಂ ಮಾತ್ರ ಆರಿಸಿದ್ದೇನೆ ಎಂದು ಹೇಳುತ್ತದೆ. ವೋಲ್ಟೇಜ್ ಕುಸಿತವನ್ನು ಕಾಯುವ ಬ್ರೌನ್ ಔಟ್ ಕಾವಲುಗಾರ ಇಪ್ಪತ್ತು ಮೈಕ್ರೋ ಆಂಪಿಯರ್ ಕುಡಿಯುತ್ತಾನೆ. 328ಪಿಯಲ್ಲಿ ಮಲಗುವ ಹೊತ್ತಿಗೆ ಮಾತ್ರ ಅವನನ್ನು ಪ್ರೋಗ್ರಾಂನಿಂದಲೇ ಕಳುಹಿಸಿ, ಎದ್ದಾಗ ಮತ್ತೆ ಕರೆಯಬಹುದು. ಹೆಸರಿನ ಕೊನೆಯ ಪಿ ಅಕ್ಷರವಿಲ್ಲದ ಚಿಪ್ಪಿನಲ್ಲಿ ಈ ಸೌಕರ್ಯ ಇಲ್ಲ, ಕೊಳ್ಳುವಾಗ ಅಕ್ಷರ ನೋಡಿ ಕೊಳ್ಳಿ. ರೇಡಿಯೊಗೆ ಬೇರೆಯೇ ಆಜ್ಞೆ ಕೊಡಬೇಕು. ಸಂದೇಶ ಕಳುಹಿಸಿದ ಮೇಲೆ ಅದು ತಾನಾಗಿ ನಿಲ್ಲುವುದು ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ, ಅಲ್ಲಿ 1.6 ಮಿಲಿ ಆಂಪಿಯರ್ ಖರ್ಚು. ಮಲಗು ಎಂದು ಹೇಳಿದರೆ 0.2 ಮೈಕ್ರೋ ಆಂಪಿಯರ್. ಒಂದೇ ಒಂದು ಸಾಲಿನ ಆಜ್ಞೆ, ಎಂಟು ಸಾವಿರ ಪಟ್ಟು ವ್ಯತ್ಯಾಸ.

ಬ್ಯಾಟರಿಯ ವೋಲ್ಟೇಜ್ ನೋಡಲು ಹಲವರು ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಹಾಕಿ ನಡುವಿನಿಂದ ಅಳೆಯುತ್ತಾರೆ. ಹತ್ತು ಹತ್ತು ಕಿಲೋ ಓಮಿನವು ಹಾಕಿದರೆ ಮೂರು ವೋಲ್ಟಿಗೆ 150 ಮೈಕ್ರೋ ಆಂಪಿಯರ್ ಹಗಲೂ ರಾತ್ರಿ ಹರಿಯುತ್ತದೆ, ವರ್ಷಕ್ಕೆ 1300 ಮಿಲಿ ಆಂಪಿಯರ್ ಗಂಟೆಗೂ ಮೇಲೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಅರ್ಧಕ್ಕಿಂತ ಹೆಚ್ಚು ಬ್ಯಾಟರಿಯನ್ನು ಕೊಟ್ಟಂತಾಯಿತು. ಅಟ್‌ಮೆಗಾದ ಒಳಗೆ 1.1 ವೋಲ್ಟಿನ ಆಧಾರ ಇದೆ. ಪೂರೈಕೆಯ ವೋಲ್ಟೇಜನ್ನೇ ಅಳತೆಗೋಲಾಗಿ ಇಟ್ಟು ಆ 1.1 ಅನ್ನು ಅಳೆದರೆ ಪೂರೈಕೆ ಎಷ್ಟೆಂದು ಭಾಗಾಕಾರದಿಂದ ಸಿಗುತ್ತದೆ. ಹೊರಗೆ ಒಂದು ಬಿಡಿಭಾಗವೂ ಬೇಡ.

ಇನ್ನು ತೋಟದವರು ಕೇಳುವ ಮಣ್ಣಿನ ತೇವದ ಸೆನ್ಸರ್. ಅಂಗಡಿಯಲ್ಲಿ ಸಿಗುವ ಕಪ್ಪು ನಾಲಿಗೆಯಂಥದ್ದು ಐದು ಮಿಲಿ ಆಂಪಿಯರ್ ಆಸುಪಾಸು ಎಳೆಯುತ್ತದೆ, ಅದಕ್ಕೆ ಮಲಗಲು ಬರುವುದಿಲ್ಲ. ಅದರ ಪ್ಲಸ್ ತಂತಿಯನ್ನು ಬ್ಯಾಟರಿಗೆ ಕೊಡದೆ ಚಿಪ್ಪಿನ ಒಂದು ಪಿನ್ನಿಗೆ ಕೊಡಿ, ಅಳೆಯುವ ಹೊತ್ತಿಗೆ ಮಾತ್ರ ಆ ಪಿನ್ನಿನ ವೋಲ್ಟೇಜನ್ನು ಪ್ರೋಗ್ರಾಂನಿಂದ ಮೇಲೆತ್ತಿ. ಪ್ಲಸ್ ತಂತಿಯನ್ನು ತಪ್ಪಿಸಿ ಡೇಟಾ ತಂತಿಯ ವೋಲ್ಟೇಜನ್ನು ಮೇಲೆಯೇ ಬಿಟ್ಟರೆ ಕೆಲವು ಸೆನ್ಸರ್‌ಗಳು ಆ ತಂತಿಯಿಂದಲೇ, ಒಳಗಿನ ರಕ್ಷಣಾ ಡಯೋಡಿನ ಮೂಲಕ, ಕರೆಂಟು ಎಳೆದುಕೊಂಡು ಅರೆಜೀವವಾಗಿ ಬದುಕುತ್ತವೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಎರಡನ್ನೂ ಸೊನ್ನೆಗೆ ಇಳಿಸಿ.

ಇಷ್ಟೆಲ್ಲ ಮಾಡಿದ ಮೇಲೆ ಎರಡನೆಯ ಡಬ್ಬಿ ಮೇಜಿನ ಮೇಲೆ ಎಂಟು ಮೈಕ್ರೋ ಆಂಪಿಯರ್ ತೋರಿಸಿತು. ಅದರಲ್ಲಿ ನಾಲ್ಕಕ್ಕೂ ಹೆಚ್ಚು ಎಂಟು ಸೆಕೆಂಡಿಗೊಮ್ಮೆ ಎಬ್ಬಿಸುವ ವಾಚ್‌ಡಾಗ್ ಗಡಿಯಾರದ್ದು. 328ಪಿಯಲ್ಲಿ ಅದು ಒಮ್ಮೆಗೆ ಎಂಟು ಸೆಕೆಂಡಿಗಿಂತ ಹೆಚ್ಚು ಎಣಿಸಲಾರದು. ಹಾಗಾಗಿ ಕಾಲು ಗಂಟೆಯೊಳಗೆ ನೂರಹನ್ನೆರಡು ಸಲ ಎದ್ದು, ಹೊತ್ತಾಗಿಲ್ಲ ಎಂದು ನೋಡಿ ಮಲಗುತ್ತದೆ. ಪ್ರತಿ ಎಚ್ಚರ ಕ್ಷಣದ ಒಂದು ಚೂರು. ಹೊರಗೆ ಟಿಪಿಎಲ್ 5110 ಎಂಬ ಟೈಮರ್ ಚಿಪ್ ಹಾಕಿದರೆ 35 ನ್ಯಾನೊ ಆಂಪಿಯರ್‌ನಲ್ಲಿ ಎರಡು ಗಂಟೆಯ ತನಕ ಎಣಿಸಬಹುದು, ಅದು ಪೂರೈಕೆಯನ್ನೇ ಕತ್ತರಿಸುತ್ತದೆ. ನಾನು ಅದಕ್ಕೆ ಹೋಗಲಿಲ್ಲ. ಉಳಿಯುವುದು ವರ್ಷಕ್ಕೆ ಮೂವತ್ತೈದು ಮಿಲಿ ಆಂಪಿಯರ್ ಗಂಟೆ, ಸೆಲ್ಲಿನಲ್ಲಿರುವುದು 2000. ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಲೆಕ್ಕವೇ ಹೇಳುತ್ತದೆ.

ಜನವರಿಯಲ್ಲಿ ಹಾಕಿದೆ. ಮೇ ತಿಂಗಳ ಕೊನೆಯ ತನಕ ಒಂದು ಸಂದೇಶವೂ ತಪ್ಪಲಿಲ್ಲ. ಮಳೆಗಾಲದಲ್ಲಿ ಅತ್ತ ಹೋಗುವುದು ಕಷ್ಟ, ಜಿಗಣೆ, ಜಾರು ದಾರಿ. ಹಾಗಾಗಿ ಜೂನ್ ಮೊದಲ ವಾರ ಹೊಸ ಸೆಲ್ಲು ಹಾಕಿ ನಿಶ್ಚಿಂತನಾದೆ. ಆಗಸ್ಟ್ ಮೊದಲ ವಾರ ಸಂದೇಶ ನಿಂತಿತು. ಹಳೆಯ ಸೆಲ್ಲು ಐದು ತಿಂಗಳು ದುಡಿದು ಇನ್ನೂ ಗಟ್ಟಿಯಾಗಿತ್ತು, ಹೊಸದು ಎರಡು ತಿಂಗಳಿಗೆ ಸತ್ತಿತು.

ಈ ಊರಿನವನಾದ ನನಗೆ ಮೊದಲು ಬಂದ ಸಂಶಯ ತೇವದ ಮೇಲೆಯೇ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ನಮ್ಮ ಮನೆಯ ಪೆಟ್ಟಿಗೆಯೊಳಗಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ, ಸುರಂಗದ ಬಾಯಿಯ ಬಗ್ಗೆ ಹೇಳುವುದೇನು? ಬೋರ್ಡಿನ ಮೇಲೆ ಉಳಿದ ಬೆಸುಗೆಯ ಅಂಟು ನೀರು ಹೀರಿ ಕರೆಂಟಿಗೆ ದಾರಿಯಾಗುತ್ತದೆ. ಎರಡು ಪಿನ್ನುಗಳ ನಡುವೆ ಹತ್ತು ಲಕ್ಷ ಓಮಿನ ತೇವದ ಪೊರೆ ಇದ್ದರೂ ಮೂರು ಮೈಕ್ರೋ ಆಂಪಿಯರ್ ಹೋಯಿತೆಂದೇ ಲೆಕ್ಕ. ಅದರ ಜೊತೆಗೆ ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು. ಮೈಲುತುತ್ತು, ಸುಣ್ಣದ ತುಂತುರು ಡಬ್ಬಿಯ ಮೇಲೆ ನೀಲಿ ಪೊರೆಯಾಗಿ ಕುಳಿತಿತ್ತು, ತಂತಿ ಒಳಹೋಗುವ ತೂತಿನ ಅಂಚಿನಲ್ಲಿ ತಾಮ್ರ ಹಸಿರಾಗಿತ್ತು. ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ರಕ್ಷಣಾ ವಾರ್ನಿಷ್ ಹಚ್ಚಿದೆ. ಎಂಟು ಇದ್ದದ್ದು ಐದಕ್ಕೆ ಇಳಿಯಿತು. ತೇವ ಕದಿಯುತ್ತಿತ್ತು ಎಂಬುದು ನಿಜ. ಆದರೆ ಮೂರು ಮೈಕ್ರೋ ಆಂಪಿಯರ್ ಕದ್ದವನು ಎರಡು ತಿಂಗಳಲ್ಲಿ ಸೆಲ್ಲು ಮುಗಿಸಲಾರ. ಅಷ್ಟರಲ್ಲೇ ನನಗೆ ಗೊತ್ತಾಗಬೇಕಿತ್ತು. ಕಳ್ಳ ಸಿಕ್ಕಿದನೆಂಬ ಸಂತೋಷದಲ್ಲಿ ಡಬ್ಬಿಯನ್ನು ಮರಳಿ ಹಾಕಿಬಂದೆ. ಹತ್ತು ದಿನಗಳಲ್ಲಿ ವೋಲ್ಟೇಜ್ ಮತ್ತೆ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಕೊನೆಗೆ ಒಂದು ದಿನ ಕರೆಂಟು ಅಳೆಯುವ ಮೀಟರನ್ನೇ ಗುಡ್ಡಕ್ಕೆ ಹೊತ್ತುಕೊಂಡು ಹೋದೆ. ಜಡಿಮಳೆ. ಅಕ್ಕನ ಮಗ ಕೊಡೆ ಹಿಡಿದಿದ್ದ. ಮೀಟರನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಟ್ಯಾಂಕಿಯ ಅಂಚಿನಲ್ಲಿ ಅಡಿಕೆ ಹಾಳೆ ಹಾಸಿ ಅದರ ಮೇಲಿಟ್ಟೆ. ಮೇಜಿನ ಮೇಲೆ ಐದು ತೋರಿಸಿದ ಅದೇ ಬೋರ್ಡು, ಅದೇ ಮೀಟರು. ಅಲ್ಲಿ 640 ಎಂದು ತೋರಿಸಿತು. ಟ್ಯಾಂಕಿ ತುಂಬಿ ಅಂಚಿನಿಂದ ನೀರು ಹರಿದು ಹೋಗುತ್ತಿತ್ತು. ಫ್ಲೋಟು ಪಾಚಿ ಹಿಡಿದು ಮೇಲೆ ತೇಲುತ್ತಿತ್ತು. ತಂತಿಯಲ್ಲಿ ನೀರು ಹೊಕ್ಕಿದೆಯೋ ಎಂದು ನೋಡಲು ಅದನ್ನು ಹಿಡಿದು ನೀರಿನಿಂದ ಮೇಲೆತ್ತಿದೆ. ತೇಲುವ ಬುರುಡೆ ತನ್ನ ಕಡ್ಡಿಯ ಮೇಲೆ ಜಾರಿ ಕೆಳಗಿಳಿಯಿತು.

"ಮಾವ, ಸಂಖ್ಯೆ ಇಳಿಯಿತು," ಎಂದ ಹುಡುಗ.

"ಎಷ್ಟಾಯಿತು?"

"ಐದು."

ಬುರುಡೆಯನ್ನು ಬೆರಳಿನಿಂದ ಮೇಲೆ ತಳ್ಳಿದೆ, 640. ಬಿಟ್ಟೆ, ಐದು. ಮಳೆಯಲ್ಲಿ ನಿಂತು ಹತ್ತು ಸಲ ಹಾಗೆಯೇ ಮಾಡಿದೆವು.

ಇದರ ಒಳಗುಟ್ಟನ್ನು ಬಿಡಿಸಿ ಹೇಳುತ್ತೇನೆ. ಬುರುಡೆಯಲ್ಲಿ ಅಯಸ್ಕಾಂತ ಇದೆ, ಕಡ್ಡಿಯಲ್ಲಿ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ರೀಡ್ ಸ್ವಿಚ್ ಇದೆ. ನೀರು ತುಂಬಿದಾಗ ಸ್ವಿಚ್ ಮುಚ್ಚಿ ಪಿನ್ನನ್ನು ನೆಲಕ್ಕೆ, ಅಂದರೆ ಮೈನಸ್‌ಗೆ ಕೂಡಿಸುತ್ತದೆ. ಸ್ವಿಚ್ ತೆರೆದಿದ್ದಾಗ ಪಿನ್ ಗಾಳಿಯಲ್ಲಿ ತೂಗಾಡಬಾರದೆಂದು ಪ್ಲಸ್‌ನಿಂದ 4.7 ಕಿಲೋ ಓಮಿನ ಪುಲ್ ಅಪ್ ರೆಸಿಸ್ಟರ್ ಹಾಕಿದ್ದೆ. ಎಲ್ಲ ಪುಸ್ತಕಗಳಲ್ಲಿಯೂ ಹಾಗೆಯೇ ಇರುತ್ತದೆ. ಸ್ವಿಚ್ ಮುಚ್ಚಿದಾಗ ಏನಾಗುತ್ತದೆ? ಪ್ಲಸ್‌ನಿಂದ ರೆಸಿಸ್ಟರ್, ರೆಸಿಸ್ಟರ್‌ನಿಂದ ಸ್ವಿಚ್, ಅಲ್ಲಿಂದ ಮೈನಸ್. ಮೂರು ವೋಲ್ಟನ್ನು 4700 ಓಮಿನಿಂದ ಭಾಗಿಸಿ: ಸುಮಾರು 640 ಮೈಕ್ರೋ ಆಂಪಿಯರ್. ಚಿಪ್ಪು ಮಲಗಿದ್ದರೂ ಎದ್ದಿದ್ದರೂ ಇದಕ್ಕೆ ಸಂಬಂಧವಿಲ್ಲ. ಬೇಸಿಗೆಯಲ್ಲಿ ಟ್ಯಾಂಕಿ ತುಂಬಿರುವುದು ರಾತ್ರಿಯ ಕೆಲವೇ ಗಂಟೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತುಂಬಿಯೇ ಇರುತ್ತದೆ, ಸ್ವಿಚ್ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ. ನನ್ನ ಮೇಜಿನ ಮೇಲೆ ಫ್ಲೋಟು ಯಾವಾಗಲೂ ಕೆಳಗೆ ನೇತಾಡುತ್ತಿತ್ತು. ಅಲ್ಲಿ ನಾನು ಅಳೆದದ್ದು ಬೇಸಿಗೆಯನ್ನು.

ಪರಿಹಾರಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಹೊರಗಿನ ರೆಸಿಸ್ಟರನ್ನು ಕಿತ್ತೆ. ಚಿಪ್ಪಿನ ಒಳಗೇ ಇಪ್ಪತ್ತರಿಂದ ಐವತ್ತು ಕಿಲೋ ಓಮಿನ ಪುಲ್ ಅಪ್ ಇದೆ, ಅದನ್ನು ಪ್ರೋಗ್ರಾಂನಿಂದ ಹಾಕಿ ತೆಗೆಯಬಹುದು. ಎದ್ದಾಗ ಅದನ್ನು ಹಾಕುತ್ತೇನೆ, ಉದ್ದ ತಂತಿ ತುಂಬಿಕೊಳ್ಳಲು ಒಂದು ಕ್ಷಣ ಕಾಯುತ್ತೇನೆ, ಓದುತ್ತೇನೆ, ಮಲಗುವ ಮೊದಲು ಪಿನ್ನನ್ನು ಔಟ್‌ಪುಟ್ ಮಾಡಿ ಸೊನ್ನೆಗೆ ಇಳಿಸುತ್ತೇನೆ. ಆಗ ಸ್ವಿಚ್ಚಿನ ಎರಡು ತುದಿಯೂ ನೆಲದಲ್ಲೇ ಇವೆ, ಮುಚ್ಚಿದರೂ ತೆರೆದರೂ ಹರಿಯಲು ಏನೂ ಇಲ್ಲ. ಒಂದು ಎಚ್ಚರಿಕೆ: ಇದೇ ಸ್ವಿಚ್ಚು ಚಿಪ್ಪನ್ನು ಎಬ್ಬಿಸಬೇಕು ಎಂದಿದ್ದರೆ ಈ ಉಪಾಯ ನಡೆಯದು. ಆಗ ಹತ್ತು ಲಕ್ಷ ಓಮಿನ ರೆಸಿಸ್ಟರ್ ಹಾಕಿ ಮೂರು ಮೈಕ್ರೋ ಆಂಪಿಯರ್ ತೆರಬೇಕು, ಅಥವಾ ಹೆಚ್ಚು ಹೊತ್ತು ತೆರೆದೇ ಇರುವಂತೆ ಸ್ವಿಚ್ಚನ್ನು ತಲೆಕೆಳಗು ಮಾಡಿ ಕೂರಿಸಬೇಕು. ಬಾಗಿಲು, ಗೇಟು, ಹಟ್ಟಿಯ ಬಾಗಿಲಿಗೆ ರೀಡ್ ಸ್ವಿಚ್ ಹಾಕುವವರು ಇದನ್ನು ಬರೆದುಕೊಳ್ಳಿ. ಬಾಗಿಲು ದಿನದ ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತದೆ.

ಆ ಸತ್ತ ಸೆಲ್ಲುಗಳ ಬಗ್ಗೆ ಇನ್ನೊಂದು ಮಾತು ಉಳಿದಿದೆ. ತೆಗೆದು ಅಳೆದಾಗ ಒಂದೊಂದೂ 1.34 ವೋಲ್ಟ್ ತೋರಿಸಿದವು. ಅದು ಸತ್ತ ಸೆಲ್ಲಿನ ಸಂಖ್ಯೆಯಲ್ಲ. ಬ್ರೌನ್ ಔಟ್ ಮಿತಿಯನ್ನು 2.7 ವೋಲ್ಟಿಗೆ ಇಟ್ಟದ್ದರಿಂದ ಎರಡೂ ಸೇರಿ 2.68 ಆದ ಕೂಡಲೇ ಚಿಪ್ಪು ಬಾಗಿಲು ಹಾಕಿಕೊಂಡಿತ್ತು. ಅರ್ಧದಷ್ಟು ಶಕ್ತಿ ಒಳಗೇ ಉಳಿದಿತ್ತು. ಅವೇ ಸೆಲ್ಲುಗಳು ನಮ್ಮ ಚಾವಡಿಯ ಗಡಿಯಾರದಲ್ಲಿ ಮುಂದಿನ ವಿಷುವಿನ ತನಕ ನಡೆದವು. ಈಗ ಮಿತಿಯನ್ನು 1.8ಕ್ಕೆ ಇಳಿಸಿದ್ದೇನೆ, ಅದಕ್ಕೆ ತಕ್ಕಂತೆ ಗಡಿಯಾರದ ವೇಗವನ್ನು ನಾಲ್ಕು ಮೆಗಾಹರ್ಟ್ಸ್‌ಗೆ. ಕಡಿಮೆ ವೋಲ್ಟಿನಲ್ಲಿ ಅದಕ್ಕಿಂತ ವೇಗವಾಗಿ ಓಡಿಸಿದರೆ ಲೆಕ್ಕ ತಪ್ಪುವ ಭಯ ಇದೆ. ವೇಗ ಇಳಿಸಿದರೆ ಎಚ್ಚರದ ಹೊತ್ತು ಉದ್ದವಾಗುವುದಿಲ್ಲವೇ ಎಂದರೆ, ದೊಡ್ಡ ಲೆಕ್ಕ ಮಾಡುವ ಯಂತ್ರಕ್ಕೆ ಅದು ನಿಜ. ಅಲ್ಲಿ ಬೇಗ ಮುಗಿಸಿ ಬೇಗ ಮಲಗುವುದೇ ಲಾಭ. ನಮ್ಮದು ಎಚ್ಚರದ ಬಹುಪಾಲು ರೇಡಿಯೊ ಮುಗಿಸುವುದನ್ನು ಕಾಯುತ್ತ ಕುಳಿತಿರುವ ಯಂತ್ರ. ಕಾಯುವವನಿಗೆ ವೇಗ ಏಕೆ? ಆ ಅರವತ್ತು ಮಿಲಿ ಸೆಕೆಂಡಿನಲ್ಲೂ ಚಿಪ್ಪನ್ನು ಮಲಗಿಸಿ, ಮುಗಿಯಿತು ಎಂದು ರೇಡಿಯೊದಿಂದಲೇ ಎಬ್ಬಿಸಬಹುದು.

ಇನ್ನು ಅಳೆಯುವ ವಿಷಯ. ಇದನ್ನು ಮೇಜಿನ ಮೇಲೆ ಮಾಡಿ ತೋರಿಸುತ್ತೇನೆ. ಅಗ್ಗದ ಮೀಟರಿನ 200 ಮೈಕ್ರೋ ಆಂಪಿಯರ್ ಜಾಗದಲ್ಲಿ ಒಳಗೆ ಸುಮಾರು ಸಾವಿರ ಓಮಿನ ರೆಸಿಸ್ಟರ್ ಇರುತ್ತದೆ. ಚಿಪ್ಪು ಮಲಗಿರುವಾಗ ತೊಂದರೆ ಇಲ್ಲ. ಎದ್ದು ಕೆಲವು ಮಿಲಿ ಆಂಪಿಯರ್ ಕೇಳಿದ ಕೂಡಲೇ ವೋಲ್ಟೇಜ್ ಪೂರ್ತಿ ಮೀಟರಿನಲ್ಲೇ ಬಿದ್ದುಹೋಗುತ್ತದೆ, ಚಿಪ್ಪು ಸತ್ತು ಮತ್ತೆ ಹುಟ್ಟುತ್ತದೆ, ಮತ್ತೆ ಸಾಯುತ್ತದೆ, ನೀವು ಓದುವ ಸಂಖ್ಯೆಗೆ ಅರ್ಥವಿರುವುದಿಲ್ಲ. ಹಾಗಾಗಿ ಮೀಟರಿನ ಎರಡು ಕಡ್ಡಿಗಳನ್ನು ಒಂದು ತಂತಿಯಿಂದ ಕೂಡಿಸಿಟ್ಟು ಯಂತ್ರವನ್ನು ಆರಂಭಿಸಿ, ಅದು ಮಲಗಿದ ಮೇಲೆ ತಂತಿಯನ್ನು ಬಿಡಿಸಿ ಓದಿ, ಏಳುವ ಮೊದಲು ಮತ್ತೆ ಕೂಡಿಸಿ.

ಮೀಟರಿನಲ್ಲಿ ಆ ಜಾಗವೇ ಇಲ್ಲದಿದ್ದರೆ ಒಂದು ದೊಡ್ಡ ಕೆಪಾಸಿಟರ್ ಸಾಕು. ಇದು 4700 ಮೈಕ್ರೋ ಫ್ಯಾರಡಿನದು. ಸೆಲ್ಲಿನಿಂದ ತುಂಬಿಸಿ, ಸೆಲ್ಲನ್ನು ತೆಗೆದು, ಮೂರು ವೋಲ್ಟಿನಿಂದ ಎರಡೂವರೆಗೆ ಇಳಿಯಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ. ಐದು ಮೈಕ್ರೋ ಆಂಪಿಯರ್ ಆದರೆ 470 ಸೆಕೆಂಡ್, ಎಂಟು ನಿಮಿಷಕ್ಕೆ ಸ್ವಲ್ಪ ಕಡಿಮೆ. 640 ಆದರೆ ನಾಲ್ಕು ಸೆಕೆಂಡೂ ಇಲ್ಲ. ಕೆಪಾಸಿಟರ್ ತಾನೂ ಸ್ವಲ್ಪ ಸೋರುತ್ತದೆ. ಮೊದಲು ಯಂತ್ರವಿಲ್ಲದೆ ಒಮ್ಮೆ ಅಳೆದು ಅದನ್ನು ಕಳೆಯಿರಿ. ಯಂತ್ರದಲ್ಲಿ ಆ ಹೊತ್ತು ಸಂದೇಶ ಕಳುಹಿಸದೆ ಬರೀ ಮಲಗುವ ಪ್ರೋಗ್ರಾಂ ಇರಲಿ. ಆಮೇಲೆ ಅಳತೆಯನ್ನು ಯಂತ್ರ ಕಾಣಬಹುದಾದ ಪ್ರತಿ ಸ್ಥಿತಿಯಲ್ಲೂ ಮಾಡಿ: ಫ್ಲೋಟು ಮೇಲೆ, ಫ್ಲೋಟು ಕೆಳಗೆ, ಸೆನ್ಸರ್ ಒದ್ದೆ ಮಣ್ಣಿನಲ್ಲಿ, ಒಣ ಮಣ್ಣಿನಲ್ಲಿ, ಡಬ್ಬಿ ಬಿಸಿಲಲ್ಲಿ ಕಾದಿರುವಾಗ. ಬಿಸಿ ಏರಿದಂತೆ ಡಯೋಡು, ಚಿಪ್ಪುಗಳ ಸೋರಿಕೆ ಏರುತ್ತದೆ, ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟು.

ಈಗಷ್ಟೇ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು, ಎರಡು ತಿಂಗಳಿಗೊಮ್ಮೆ ಸೆಲ್ಲು ಬದಲಿಸಿದರೆ ಮುಗಿಯಿತಲ್ಲ, ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು. ಒಂದು ಡಬ್ಬಿಯಾದರೆ ಆಗಬಹುದು, ಮಾಷ್ಟ್ರೇ. ಆದರೆ ಇಂಥದ್ದು ತೋಟದಲ್ಲಿ ಎಂಟು ಹತ್ತಾದಾಗ ಬದಲಿಸುವವರು ಯಾರು? ಮೊಣಕಾಲು ನೋವಿನ ಅಪ್ಪನನ್ನು ಮತ್ತೆ ಗುಡ್ಡ ಹತ್ತಿಸಲು ನಾನು ಈ ಕೆಲಸಕ್ಕೆ ಇಳಿಯಲಿಲ್ಲ. ಸೋರಿದ ಅಲ್ಕಲೈನ್ ಸೆಲ್ಲುಗಳನ್ನು ಕುಡಿಯುವ ನೀರಿನ ಪಕ್ಕದಲ್ಲಿ ಬಿಡಲೂ ನನಗೆ ಮನಸ್ಸಿಲ್ಲ.

ಜೋಡಿ ಡಬ್ಬಿಯಲ್ಲಿರುವ ಸೆಲ್ಲುಗಳನ್ನು ಹಾಕಿದ್ದು ಕಳೆದ ಅಕ್ಟೋಬರಿನಲ್ಲಿ. ಈ ಮಳೆಗಾಲವನ್ನು ಪೂರ್ತಿ ಕಂಡಿವೆ. ಇಂದು ಬೆಳಿಗ್ಗೆ ಆರೂಕಾಲಕ್ಕೆ ಬಂದ ಸಂದೇಶದಲ್ಲಿ ಟ್ಯಾಂಕಿ ತುಂಬಿದೆ, ವೋಲ್ಟೇಜ್ 3.09 ಎಂದಿತ್ತು. ಡಬ್ಬಿ ಎಲ್ಲರ ಕೈದಾಟಿ ಮುಂದೆ ಬಂದಿದೆ ಎಂದು ಕಾಣುತ್ತದೆ, ಇಲ್ಲಿ ಮೇಜಿನ ಮೇಲಿಡಿ. ಮೀಟರ್ ಸಿದ್ಧವಿದೆ, ಬಕೆಟ್ಟಿನಲ್ಲಿ ನೀರೂ ಇದೆ. ವಿದ್ಯಾರ್ಥಿಗಳಲ್ಲಿ ಒಬ್ಬರು ಬಂದು ಫ್ಲೋಟನ್ನು ನೀರಿನಲ್ಲಿ ಇಳಿಬಿಡಿ, ಇನ್ನೊಬ್ಬರು ಸಂಖ್ಯೆಯನ್ನು ಗಟ್ಟಿಯಾಗಿ ಓದಿ.